ಖಾಲಿ ಮೊಳೆಯ ಸಾಕ್ಷ್ಯ

ಗ್ಯಾರೇಜುಗಳಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ಗಾಡಿಯ ಕಾಯಿಲೆಯ ಬಗ್ಗೆ ಇರುವುದಿಲ್ಲ. "ಲೋ, ಹನ್ನೆರಡು-ಹದಿಮೂರು ಎಲ್ಲೋ?" ಎಂಬುದೇ ಆ ಪ್ರಶ್ನೆ. ಹನ್ನೆರಡು-ಹದಿಮೂರು ಎಂದರೆ ಸ್ಪ್ಯಾನರು. ಒಂದು ತುದಿ 12 ಮಿಲಿಮೀಟರಿನದು, ಇನ್ನೊಂದು 13ರದು. ಪ್ರಶ್ನೆ ಹೋಗುವುದು ಯಾವಾಗಲೂ ಅಂಗಡಿಯಲ್ಲಿ ಎಲ್ಲರಿಗಿಂತ ಚಿಕ್ಕವನ ಕಡೆಗೇ. ಅದನ್ನು ತೆಗೆದವನು ಮೇಸ್ತ್ರಿಯೇ ಇರಬಹುದು, ಅವನದೇ ಜೇಬಿನಲ್ಲಿ ಇರಬಹುದು. ಆದರೂ ಬೆಂಚಿನ ಕೆಳಗೆ ತೂರಿ ಹುಡುಕುವವನು, "ಗೊತ್ತಿಲ್ಲಣ್ಣ" ಎಂದು ಬೈಸಿಕೊಳ್ಳುವವನು, ಸಂಜೆಯಾದರೂ ಸಿಗದಿದ್ದರೆ "ಯಾವ ಗುಜರಿಗೆ ಮಾರಿದೆ" ಎಂಬ ಮಾತನ್ನೂ ಕೇಳಬೇಕಾದವನು ಐಟಿಐ ಮುಗಿಸಿ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗ.

ಗೋಡೆಗೆ ಟೂಲ್ ಬೋರ್ಡ್ ಹಾಕುವುದು ಅಚ್ಚುಕಟ್ಟಿಗಾಗಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ನ್ಯಾಯಕ್ಕೆ ಸಂಬಂಧಿಸಿದ ವಿಷಯವಾಗಿ ಕಾಣುತ್ತದೆ.

ಒಬ್ಬರೇ ಕೆಲಸ ಮಾಡುವ ಕಡೆ ಅಚ್ಚುಕಟ್ಟು ಎಂದರೆ ಸಾಕು, ನಿಜ. ಅಮೆರಿಕದ ಅಡುಗೆ ಬರಹಗಾರ್ತಿ ಜೂಲಿಯಾ ಚೈಲ್ಡ್ ಅವರ ಮನೆಯ ಅಡುಗೆಕೋಣೆಯಲ್ಲಿ ಗಂಡ ಪಾಲ್ ಗೋಡೆಗೆ ತೂತಿನ ಹಲಗೆ ಹಾಕಿ, ಪ್ರತಿ ಬಾಣಲೆಯ ಸುತ್ತ ಗೆರೆ ಎಳೆದುಕೊಟ್ಟಿದ್ದರು. ಆ ಅಡುಗೆಕೋಣೆ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಬಾಣಲೆ ಕಾಣದಿದ್ದರೆ ಯಾರ ಮೇಲೂ ಅನುಮಾನ ಬರುತ್ತಿರಲಿಲ್ಲ. ಐದಾರು ಕೈಗಳು ಓಡಾಡುವ ಗ್ಯಾರೇಜಿನಲ್ಲಿ ಅದೇ ಗೆರೆ ಬೇರೆಯೇ ಕೆಲಸ ಮಾಡುತ್ತದೆ. ಗೋಣಿಚೀಲದಲ್ಲೋ ತಗಡಿನ ಪೆಟ್ಟಿಗೆಯಲ್ಲೋ ತುಂಬಿಟ್ಟ ಉಪಕರಣ ಕಾಣೆಯಾದದ್ದು ಗೊತ್ತಾಗುವುದು ಅದು ಬೇಕಾದಾಗ ಮಾತ್ರ. ಅಷ್ಟರಲ್ಲಿ ಯಾರು, ಯಾವಾಗ ತೆಗೆದರು ಎಂಬುದು ಯಾರಿಗೂ ನೆನಪಿರುವುದಿಲ್ಲ. ನೆನಪಿಲ್ಲದ ಕಡೆ ಅನುಮಾನ ಹುಟ್ಟುತ್ತದೆ, ಹುಟ್ಟಿದ ಅನುಮಾನ ಎದುರು ಮಾತಾಡಲಾರದವನ ಮೇಲೆ ಬೀಳುತ್ತದೆ. ಬೋರ್ಡಿನ ಮೇಲಿನ ಖಾಲಿ ಮೊಳೆ ಕೂಡಲೇ ಹೇಳಿಬಿಡುತ್ತದೆ: ಇದು ಇಲ್ಲಿಲ್ಲ. ಯಾರು ಎಂದು ಅದು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ತೆಗೆದವನಿಗೆ ಇನ್ನೂ ನೆನಪಿರುವ ಹೊತ್ತಿನಲ್ಲಿ ಕೇಳಿದರೆ ಉತ್ತರ ತಾನಾಗಿಯೇ ಬರುತ್ತದೆ.

ಆದರೆ ಬೋರ್ಡು ಗೋಡೆಯ ಮೇಲೆ ನಿಲ್ಲಬೇಕಲ್ಲ. ಗಿಲಾವಿಗೆ ನಾಲ್ಕು ಮೊಳೆ ಹೊಡೆದು ಕೈ ಝಾಡಿಸಿಕೊಳ್ಳುವವರೇ ಹೆಚ್ಚು. ಗಿಲಾವು ಅರ್ಧ ಇಂಚಿನ ಹೊದಿಕೆ. ಬಣ್ಣವನ್ನು ಹೊರುತ್ತದೆ, ಭಾರವನ್ನಲ್ಲ. ಸುತ್ತಿಗೆ, ಪೈಪ್ ರೆಂಚು, ಸ್ಪ್ಯಾನರುಗಳ ಸಾಲು ಎಲ್ಲ ಸೇರಿದರೆ ಇಪ್ಪತ್ತು ಕಿಲೋ ದಾಟುವುದು ದೊಡ್ಡ ಮಾತೇನಲ್ಲ. ಡ್ರಿಲ್ಲಿನ ಬಿಟ್ಟು ಗಿಲಾವನ್ನು ದಾಟಿ ಇಟ್ಟಿಗೆಗೆ ಇಳಿಯಬೇಕು, ಕೆಂಪು ಪುಡಿ ಉದುರಬೇಕು. ಬೂದು ಪುಡಿಯೇ ಬರುತ್ತಿದ್ದರೆ ಬಿಟ್ಟು ಇನ್ನೂ ಗಿಲಾವಿನಲ್ಲಿದೆ, ಇಲ್ಲವೇ ಎರಡು ಇಟ್ಟಿಗೆಗಳ ನಡುವಿನ ಸಂದಿಗೆ ಬಿದ್ದಿದೆ. ಹಳೆಯ ಕಟ್ಟಡಗಳಲ್ಲಿ ಆ ಸಂದಿನಲ್ಲಿರುವುದು ಮಣ್ಣೋ ಸುಣ್ಣದ ಗಾರೆಯೋ. ಎಷ್ಟೋ ಕಡೆ ಉಗುರಿನಿಂದ ಕೆರೆದರೂ ಉದುರುತ್ತದೆ. ತೂತಿನ ಪುಡಿಯನ್ನು ಊದಿ ತೆಗೆದು, 8 ಮಿಲಿಮೀಟರ್ ತೂತಿಗೆ 8ರ ಪ್ಲಗ್ಗನ್ನೇ ಹಾಕಬೇಕು. ಸ್ಕ್ರೂ ತಿರುಗಿದಂತೆ ಪ್ಲಗ್ಗು ಒಳಗೇ ಅರಳಿ ಇಟ್ಟಿಗೆಯನ್ನು ಸುತ್ತಲೂ ಒತ್ತುತ್ತದೆ. ಹಿಡಿತವೆಲ್ಲ ಆ ಒತ್ತಿನಲ್ಲಿದೆ.

ಹಿಂದೆ ಇದಕ್ಕೆ ಗೋಡೆಯನ್ನು ಉಳಿಯಿಂದ ಕೊರೆದು, ಮರದ ಬೆಣೆ ಬಡಿದು, ಸುತ್ತ ಗಾರೆ ಮೆತ್ತಬೇಕಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ವಿದ್ಯುತ್ ಸಾಮಾನು ಅಳವಡಿಸುವ ಕೆಲಸ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರನಿಗೆ ಬಂತು. ಗೋಡೆ ಮಾತ್ರ ಕೆಡಬಾರದೆಂಬುದು ಷರತ್ತು. ಆತ ಸೆಣಬಿನ ನಾರಿನಿಂದ ಪುಟ್ಟ ಪ್ಲಗ್ಗು ಮಾಡಿದ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂದಿಗೂ ರಾಲ್ ಪ್ಲಗ್ ಎಂದೇ ಕೇಳುತ್ತಾರೆ. ಈಗ ಬಳಕೆಯಲ್ಲಿರುವ ನೈಲಾನ್ ಪ್ಲಗ್ಗು 1958ರಲ್ಲಿ ಜರ್ಮನಿಯ ಆರ್ಟರ್ ಫಿಷರ್ ಮಾಡಿದ್ದು. ಗೋಡೆಯನ್ನು ಒಡೆಯದೆ ಅದರಿಂದ ಭಾರ ಹೊರಿಸುವ ಉಪಾಯಕ್ಕೆ ಇಷ್ಟು ಬುದ್ಧಿ ಖರ್ಚಾಗಿದೆ. ಅಂಗಡಿಯ ಮರೆವನ್ನೆಲ್ಲ ಹೊಸ ಹುಡುಗನ ತಲೆಗೆ ಕಟ್ಟುವುದು ಗಿಲಾವಿನ ಮೇಲೆ ರೆಂಚು ನೇತುಹಾಕಿದ ಹಾಗೆ: ಹೊರಲಾರದ್ದರ ಮೇಲೆ ಹೊರೆ.

ಬೋರ್ಡನ್ನು ನೇರ ಗೋಡೆಗೆ ಅಂಟಿಸುವುದೂ ತಪ್ಪು. ಹಿಂದೆ ಅಡ್ಡಡ್ಡ ರೀಪರ್ ಕೊಟ್ಟು, ಅದರ ಮೇಲೆ ಹಲಗೆ ಕೂರಿಸಿದರೆ ಒಂದಿಂಚು ಜಾಗ ಉಳಿಯುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ಗೋಡೆ ಬೆವರುತ್ತದೆ. ಗಾಳಿಯಾಡದಿದ್ದರೆ ಹಲಗೆಗೆ ಬೂಷ್ಟು, ಉಪಕರಣಕ್ಕೆ ತುಕ್ಕು.

ಬೋರ್ಡು ಹಾಕಿದ ಮಾತ್ರಕ್ಕೆ ನ್ಯಾಯ ಬಂದುಬಿಡುವುದೂ ಇಲ್ಲ. ಖಾಲಿ ಜಾಗವನ್ನು ನೋಡಿ ನಿಲ್ಲುವ ಮನಸ್ಸು ಬೇಕು. ವಿಮಾನ ದುರಸ್ತಿಯಲ್ಲಿ ಪ್ರತಿ ಉಪಕರಣಕ್ಕೂ ಗುರುತಿನ ಜಾಗವಿರುತ್ತದೆ, ಲೆಕ್ಕ ಸರಿಹೋಗದೆ ವಿಮಾನ ಬಿಡುವಂತಿಲ್ಲ. ಆದರೂ 2023ರ ಕೊನೆಯಲ್ಲಿ ಲಾಸ್ ಏಂಜಲೀಸಿನಲ್ಲಿ ತಪಾಸಣೆ ಮುಗಿಸಿದ ಕ್ವಾಂಟಾಸ್ ಸಂಸ್ಥೆಯ ಎ380 ವಿಮಾನದ ಒಂದು ಎಂಜಿನ್ನಿನೊಳಗೆ 1.25 ಮೀಟರ್ ಉದ್ದದ ನೈಲಾನ್ ಸಾಧನವೊಂದು ಉಳಿದುಹೋಯಿತು. ಅದರೊಂದಿಗೇ ವಿಮಾನ 34 ಸಲ ಹಾರಿತು. ಸಿಕ್ಕಿದ್ದು 2024ರ ಜನವರಿ 1ರಂದು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋ ತನಿಖೆ ಮಾಡಿ ಹೇಳಿದ ಮಾತು ಕಿವಿಗೊಡುವಂಥದ್ದು: ಸಾಧನ ಕಾಣೆಯಾದದ್ದು ಗೊತ್ತಾಗಿತ್ತು, ಆದರೆ ಕಳೆದುಹೋದ ಉಪಕರಣಕ್ಕಾಗಿ ಇರುವ ಹುಡುಕಾಟದ ಕ್ರಮವನ್ನು ಆರಂಭಿಸದೆಯೇ ವಿಮಾನವನ್ನು ಬಿಡಲಾಗಿತ್ತು. ಮೊಳೆ ಖಾಲಿ ಎಂದು ಕಂಡಿತ್ತು. ನಿಲ್ಲಲಿಲ್ಲ, ಅಷ್ಟೆ.

ನಿಲ್ಲುವುದು ಯಾರು? ಇಲ್ಲಿಯೇ ಬೋರ್ಡಿನ ನಿಜವಾದ ಪರೀಕ್ಷೆ. ಹಳೆಯ ಕಾರ್ಖಾನೆಗಳ ಟೂಲ್ ಸ್ಟೋರಿನಲ್ಲಿ ನಂಬರು ಒತ್ತಿದ ಹಿತ್ತಾಳೆ ಬಿಲ್ಲೆಯ ಪದ್ಧತಿ ಇತ್ತು: ಉಪಕರಣ ತೆಗೆದುಕೊಂಡವನು ಅದರ ಮೊಳೆಗೆ ತನ್ನ ಬಿಲ್ಲೆ ಸಿಕ್ಕಿಸಬೇಕು. ನಿಯಮದಲ್ಲಿ ದೊಡ್ಡವನ ಬಿಲ್ಲೆ, ಚಿಕ್ಕವನ ಬಿಲ್ಲೆ ಎಂದಿರಲಿಲ್ಲ. ನಮ್ಮ ಸಣ್ಣ ಅಂಗಡಿಗಳಲ್ಲಿ ಬೋರ್ಡು ಸೋಲುವುದು ಹುಡುಗರಿಂದಲ್ಲ, "ನನ್ನ ಅಂಗಡಿ, ನನ್ನ ಸ್ಪ್ಯಾನರು" ಎನ್ನುವ ಯಜಮಾನನಿಂದ. ತನ್ನ ಸ್ಪ್ಯಾನರೇ ಆದರೂ ಗೆರೆಯೊಳಗೆ ವಾಪಸು ಇಡಲು ಒಪ್ಪಿದಾಗ ಅವನು ಎಲ್ಲರ ಕಣ್ಣಿಗೆ ಲೆಕ್ಕ ಒಪ್ಪಿಸಿದ ಹಾಗಾಗುತ್ತದೆ. ಅದು ಹೆಚ್ಚಿನವರಿಗೆ ಕಷ್ಟ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅಷ್ಟೂ ಉಪಕರಣ ಸೀಮೆಎಣ್ಣೆಯಲ್ಲಿ ತೊಳೆದು, ಸಾಲಾಗಿ ಜೋಡಿಸಿ, ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಅಂದು ಕಳೆದುಹೋದವೂ ಸಿಗುತ್ತವೆ ಎಂಬುದನ್ನು ಗಮನಿಸಿದ್ದೀರಾ? ಹುಡುಕುವವರು ಅಂದು ಎಲ್ಲರೂ ಆಗಿರುತ್ತಾರೆ, ಅದಕ್ಕೆ.

ಹಾಗಾಗಿ ಬೋರ್ಡು ಹಾಕಿಸಲು ಹೊರಟ ಮೇಸ್ತ್ರಿಗಳಲ್ಲಿ ಒಂದು ಕೋರಿಕೆ. ಎತ್ತರವನ್ನು ನಿಮ್ಮ ಅಳತೆಗೆ ಗುರುತು ಮಾಡಬೇಡಿ. ಅಂಗಡಿಯಲ್ಲಿ ಎಲ್ಲರಿಗಿಂತ ಗಿಡ್ಡನೆಯವನನ್ನು ಗೋಡೆಯ ಮುಂದೆ ನಿಲ್ಲಿಸಿ, ಅವನ ಕೈ ಎಟುಕುವಲ್ಲಿಗೆ ಮೇಲಿನ ಮೊಳೆ ಬರುವ ಹಾಗೆ ತೂತು ಕೊರೆಯಿರಿ. ಉಪಕರಣಗಳ ಸುತ್ತ ಬಣ್ಣದ ಗೆರೆ ಎಳೆಯುವ ಕೆಲಸವನ್ನೂ ಅವನಿಗೇ ಕೊಡಿ.