‘ತೆಗೆ’ ಎಂಬ ಒಂದು ಮಾತು

ಅಮ್ಮ ಒಳಗಿನಿಂದ ‘ಬಾಗಿಲು ತೆಗಿ’ ಎನ್ನುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಅಕ್ಕಿಯ ಮೊರ ಮುಂದಿಟ್ಟು ‘ಕಲ್ಲು ತೆಗಿ’ ಎನ್ನುತ್ತಾಳೆ. ಮಾತು ಒಂದೇ. ಒಂದು ಕಡೆ ತೆರೆಯಬೇಕು, ಇನ್ನೊಂದು ಕಡೆ ಆರಿಸಿ ಹೊರಗೆ ಹಾಕಬೇಕು. ಮಕ್ಕಳು ಇದರಲ್ಲಿ ತಪ್ಪುವುದಿಲ್ಲ. ಅರ್ಥ ಅರ್ಧ ಮಾತಿನಲ್ಲಿದ್ದರೆ ಇನ್ನರ್ಧ ಮನೆಯಲ್ಲಿರುತ್ತದೆ: ಬಾಗಿಲಲ್ಲಿ, ಮೊರದಲ್ಲಿ, ಅಮ್ಮನ ದನಿಯಲ್ಲಿ.

ಮನೆ ಬಿಟ್ಟು ಹೊರಟ ಮಾತು ಆ ಇನ್ನರ್ಧವನ್ನು ಎಲ್ಲಿಂದ ತರಬೇಕು? ಈ ಪ್ರಶ್ನೆ ನನ್ನನ್ನು ಹಿಡಿದದ್ದು ಒಂದು ಸಣ್ಣ ಕೆಲಸದ ನಡುವೆ. ಒಪ್ಪಿಸಿದ ಕೆಲಸವನ್ನು ತಾನೇ ನಡೆಸುವ ಎಐ ಏಜೆಂಟ್ ಬಳಸಲೆಂದು ತಂತ್ರಾಂಶ ಸಾಧನವೊಂದಕ್ಕೆ ವಿವರಣೆ ಬರೆಯುತ್ತಿದ್ದೆ. ‘ಕಡತವನ್ನು ತೆಗೆಯುತ್ತದೆ’ ಎಂದು ಬರೆದೆ. ಕೈ ನಿಂತಿತು. ತೆರೆಯುತ್ತದೆಯೋ, ಅಳಿಸಿಹಾಕುತ್ತದೆಯೋ? ನನಗೆ ಗೊತ್ತಿತ್ತು. ಓದುವವರಿಗೆ ಗೊತ್ತಾಗುವ ದಾರಿ ಆ ಸಾಲಿನಲ್ಲಿ ಇರಲಿಲ್ಲ.

ಸಾಮಾನ್ಯವಾಗಿ ಏಜೆಂಟ್‌ಗೆ ಸಾಧನದ ಒಳಗಿನ ಕೋಡ್ ಕಾಣುವುದಿಲ್ಲ. ಅದರ ಮುಂದೆ ಬರುವುದು ಮುಖ್ಯವಾಗಿ ಮೂರು: ಸಾಧನದ ಹೆಸರು, ಅದು ಮಾಡುವ ಕೆಲಸದ ವಿವರಣೆ, ಅದಕ್ಕೆ ಒದಗಿಸಬೇಕಾದ ಮಾಹಿತಿಯ ನಮೂನೆ. 2024ರ ನವೆಂಬರಿನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಪ್ರಕಟಿಸಿದ, ಎಐಯನ್ನು ಹೊರಗಿನ ಸಾಧನಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್‌ನಲ್ಲೂ ಸಾಧನಗಳ ಪರಿಚಯ ಆಗುವುದು ಹೀಗೆಯೇ. ಏಜೆಂಟ್‌ನ ಪಾಲಿಗೆ ಆ ನಾಲ್ಕಾರು ಸಾಲುಗಳೇ ಸಾಧನ. ಅಲ್ಲಿ ‘ದಿನಾಂಕ’ ಎಂದಷ್ಟೇ ಬರೆದು ಬಿಟ್ಟರೆ, 05/06 ನಮ್ಮಲ್ಲಿ ಜೂನ್ 5, ಅಮೆರಿಕದಲ್ಲಿ ಮೇ 6. ಮನುಷ್ಯನಾದರೆ ಪಕ್ಕದಲ್ಲಿ ಕೂತವರನ್ನು ಕೇಳಿಯಾನು. ಏಜೆಂಟ್ ಬಹಳ ಸಲ ಕೇಳದೆಯೇ, ಖಾಲಿ ಬಿಟ್ಟ ಜಾಗವನ್ನು ಊಹೆಯಿಂದ ತುಂಬಿಕೊಂಡು ಮುಂದೆ ನಡೆಯುತ್ತದೆ. ಅದು ಮಾಡುವ ತಪ್ಪಿನಲ್ಲಿ ನನ್ನ ಮೌನಕ್ಕೂ ಪಾಲಿದೆ.

ಹಾಗೆಂದು ಗೊತ್ತಿದ್ದದ್ದನ್ನೆಲ್ಲ ಸುರಿದರೂ ಆಗದು. ಏಜೆಂಟ್ ಒಮ್ಮೆಗೆ ಗಮನದಲ್ಲಿ ಇಟ್ಟುಕೊಳ್ಳಬಲ್ಲ ಪಠ್ಯಕ್ಕೆ ಮಿತಿಯಿದೆ. ಮಾತು ಹೆಚ್ಚಿದಂತೆಲ್ಲ ಮುಖ್ಯವಾದದ್ದು ಅಡಿಗೆ ಬೀಳುತ್ತದೆ. ಎಷ್ಟು ಹೇಳಬೇಕು ಎಂಬಲ್ಲಿ ನನಗೆ ಹದಿಮೂರನೆಯ ಶತಮಾನದ ಕೇಶಿರಾಜ ನೆನಪಾಗುತ್ತಾನೆ. ಶಬ್ದಮಣಿದರ್ಪಣದಲ್ಲಿ ಅವನು ವ್ಯಾಕರಣದ ನಿಯಮವನ್ನು ಕಂದಪದ್ಯದ ಸೂತ್ರವಾಗಿ ಬಿಗಿದ. ಗದ್ಯದಲ್ಲಿ ವೃತ್ತಿ ಬರೆದು ಅದನ್ನು ತಾನೇ ಬಿಡಿಸಿದ. ಬಿಡಿಸಿದ್ದನ್ನು ಹಿಂದಿನ ಕವಿಗಳ ಪ್ರಯೋಗಗಳಿಂದ ತೋರಿಸಿಕೊಟ್ಟ. ಸೂತ್ರ ನೆನಪಿಗೆ, ವೃತ್ತಿ ತಿಳಿವಿಗೆ, ಪ್ರಯೋಗ ನಂಬಿಕೆಗೆ. ಹೆಸರು, ವಿವರಣೆ, ಉದಾಹರಣೆ: ಸಾಧನವೊಂದು ಅಪರಿಚಿತರ ಕೈಗೆ ಹೋಗುವಾಗ ಕಟ್ಟಿಕೊಡಬೇಕಾದ ಬುತ್ತಿಯೂ ಇದೇ.

ಆ ಬುತ್ತಿಗೆ ಇನ್ನೊಂದನ್ನು ಸೇರಿಸಿದವರು ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದವರು. ಅಲ್ಲಿನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದ, ಯುನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯ ಕೈಪಿಡಿಯ ಮೊದಲ ಆವೃತ್ತಿಯ ಮೇಲಿರುವ ತಾರೀಖು 1971ರ ನವೆಂಬರ್ 3. ಅದರ ಪುಟಗಳಲ್ಲಿ ಆಜ್ಞೆಯ ಹೆಸರು, ಬಳಸುವ ಬಗೆ, ವಿವರಣೆಗಳ ಕೆಳಗೆ ‘ಬಗ್ಸ್’ ಎಂಬ ತಲೆಬರಹವಿತ್ತು. ತಾವು ಕಟ್ಟಿದ್ದರ ಕೊರತೆಯನ್ನು ತಮ್ಮ ಕೈಯಾರೆ, ಅದರ ಗುಣದ ಪಕ್ಕದಲ್ಲೇ, ಬರೆದಿಡುವ ಜಾಗ ಅದು. ಸಾಧನ ಏನು ಮಾಡುತ್ತದೆ ಎಂದು ಹೇಳಲು ತಿಳಿವಳಿಕೆ ಸಾಕು. ಏನು ಮಾಡಲಾರದು ಎಂದು ಹೇಳಲು ಪ್ರಾಮಾಣಿಕತೆಯೂ ಬೇಕು. ಹೇಳಿದ್ದನ್ನು ನಂಬಿ ನಡೆಯುವ ಓದುಗನಿಗೆ ನಾವು ಸಲ್ಲಿಸಬೇಕಾದ ಋಣ ಅದು.

ಸ್ಪಷ್ಟತೆಯನ್ನು ಭಾಷೆಯ ಗುಣವೆಂದು ತಿಳಿದಿದ್ದೆ. ಈಗ ಅದು ಸಂಬಂಧದ ಗುಣವೆಂದು ತೋರುತ್ತಿದೆ: ಎದುರಿಗೆ ಇಲ್ಲದವರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಬಗೆ. ಕೆಲಸಕ್ಕೆ ಹೊಸದಾಗಿ ಸೇರಿದ ಎಷ್ಟೋ ಹುಡುಗ ಹುಡುಗಿಯರು ಅರೆಬರೆ ವಿವರಣೆಗಳ ಮುಂದೆ ಕೂತು, ಗೊತ್ತಾಗದ್ದು ತಮ್ಮ ದಡ್ಡತನವೆಂದು ಭಾವಿಸಿ, ಕೇಳಲು ಸಂಕೋಚಪಟ್ಟಿದ್ದಾರೆ. ಅವರು ಹೇಗೋ ದಾರಿ ಕಂಡುಕೊಂಡರು, ಆದ್ದರಿಂದ ಆ ಅರೆಬರೆ ಪುಟ ಹಾಗೆಯೇ ಉಳಿಯಿತು. ಸಂಕೋಚವೇ ಇಲ್ಲದ ಓದುಗ ಬಂದ ಮೇಲೆ ಅದನ್ನು ತಿದ್ದಲು ಕೂತಿದ್ದೇವೆ. ಏಜೆಂಟ್‌ಗೆಂದು ತಿದ್ದಿದ ಸಾಲು ಆ ಮಕ್ಕಳಿಗೂ ಸೇರಲಿ.

ಆ ದಿನ ನನ್ನ ಸಾಲನ್ನು ಹೀಗೆ ಬದಲಿಸಿದೆ: ‘ಕಡತವನ್ನು ಓದಲು ತೆರೆಯುತ್ತದೆ. ಏನನ್ನೂ ಅಳಿಸುವುದಿಲ್ಲ. ಕಡತ ಇಲ್ಲದಿದ್ದರೆ ಇಲ್ಲವೆಂದು ತಿಳಿಸುತ್ತದೆ.’ ಮೂರನೆಯ ವಾಕ್ಯ ಬರೆಯುವ ಮೊದಲು ಕೋಡ್‌ಗೆ ಮರಳಿ ಹೋಗಿ ನೋಡಬೇಕಾಯಿತು. ಕಟ್ಟಿದವನು ನಾನೇ ಆದರೂ, ಅಲ್ಲಿಯವರೆಗೆ ಅದು ನನಗೆ ಗೊತ್ತಿರಲಿಲ್ಲ.