ದಿನಾ ಅದೇ ನೈವೇದ್ಯ, ಮನಸ್ಸು ಎಲ್ಲೋ

ಪ್ರಶ್ನೆ: ಮದುವೆಯಾದಾಗಿನಿಂದ, ಅಂದರೆ 18 ವರ್ಷದಿಂದ, ದಿನವೂ ಮನೆದೇವರಿಗೆ ನೈವೇದ್ಯ ಮಾಡುತ್ತಿದ್ದೇನೆ. ಈಗೀಗ ಕೈ ತಾನಾಗಿ ಗಂಟೆ ಬಾರಿಸುತ್ತೆ, ಬಾಯಿ ತಾನಾಗಿ ಮಂತ್ರ ಹೇಳುತ್ತೆ, ಮನಸ್ಸು ಮಾತ್ರ ಆಗಲೇ ಆಫೀಸಿನ ಬಸ್ ಹತ್ತಿರುತ್ತೆ. "ಹೀಗೆ ಕಾಟಾಚಾರಕ್ಕೆ ಮಾಡೋ ಬದಲು ಶುಕ್ರವಾರ ಒಂದು ದಿನ ಸರಿಯಾಗಿ ಮಾಡು" ಅಂತಾರೆ ನಮ್ಮ ಮನೆಯವರು. ದಿನದ ನೈವೇದ್ಯ ನಿಲ್ಲಿಸಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಲ್ಲಿಸಬೇಡಿ ತಾಯಿ. ವಾರಕ್ಕೊಮ್ಮೆ ಮಾಡಿದರೆ ಹೊಸತನ ಇರುತ್ತೆ, ನಿಜ. ಆದರೆ ಅದೂ ನಾಲ್ಕು ಶುಕ್ರವಾರಕ್ಕೆ ಹಳತಾಗುತ್ತೆ. ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ. ಮಕ್ಕಳಿಗೆ ದಿನಾ ಬಡಿಸುವಾಗ ಪ್ರತಿಸಲ ನಿಮ್ಮ ಕಣ್ಣು ತುಂಬಿ ಬರುತ್ತದೆಯೇ? ಇಲ್ಲವಲ್ಲ. ಹಾಗಂತ ಅದನ್ನು ಯಾರೂ ಕಾಟಾಚಾರ ಅನ್ನೋದಿಲ್ಲ.

ನೈವೇದ್ಯದ ಕ್ರಮವನ್ನೇ ಸ್ವಲ್ಪ ನೋಡಿ. ಪಾತ್ರೆಯ ಸುತ್ತ ನೀರು ಸುತ್ತುತ್ತೇವೆ. 'ನೀನು ಅಮೃತಕ್ಕೆ ಹಾಸಿಗೆ' ಎಂಬ ಅರ್ಥದ ಮಂತ್ರ ಹೇಳಿ ಉದ್ಧರಣೆಯಿಂದ ನೀರು ಬಿಡುತ್ತೇವೆ. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂದು ಐದು ಆಹುತಿ. ಕೊನೆಗೆ 'ಅಮೃತಕ್ಕೆ ಹೊದಿಕೆ' ಎಂದು ಮತ್ತೆ ನೀರು. ಎಲೆಯ ಮುಂದೆ ಕೂತು ಪರಿಷೇಚನೆ ಮಾಡಿ ಉಣ್ಣುವವರಿಗೂ ಹೆಚ್ಚುಕಡಿಮೆ ಇದೇ ಕ್ರಮ: ಆಪೋಶನ, ಐದು ತುತ್ತು, ಉತ್ತರಾಪೋಶನ. ದೇವರ ಊಟಕ್ಕೂ ನಮ್ಮ ಊಟಕ್ಕೂ ಒಂದೇ ಅಚ್ಚು! ನನಗೆ ಕಾಣುವಂತೆ ನೈವೇದ್ಯ ದೇವರ ಮುಂದೆ ಮುಗಿಯೋದಿಲ್ಲ, ಪ್ರಸಾದವಾಗಿ ನಮ್ಮ ಬಾಯಿಗೆ ಬಂದಾಗ ಮುಗಿಯುತ್ತೆ. ಗೀತೆಯ 3ನೇ ಅಧ್ಯಾಯದ 13ನೇ ಶ್ಲೋಕವೂ ಯಜ್ಞದಲ್ಲಿ ಉಳಿದದ್ದನ್ನು ಉಣ್ಣುವವರನ್ನು, ತಮಗೋಸ್ಕರವೇ ಬೇಯಿಸಿಕೊಳ್ಳುವವರಿಂದ ಬೇರೆ ಮಾಡಿ ಹೇಳುತ್ತದೆ.

ನಿಮ್ಮ ಪತ್ರದಲ್ಲಿ ಗಂಟೆ ಇದೆ, ಮಂತ್ರ ಇದೆ, ಪ್ರಸಾದದ ಸುದ್ದಿಯೇ ಇಲ್ಲ. ಅದು ಎಲ್ಲಿ ಹೋಗುತ್ತೆ? ಎಷ್ಟೋ ಮನೆಗಳಲ್ಲಿ ಅದು ಅನ್ನದ ಪಾತ್ರೆಗೆ ಬೆರೆತು, ಡಬ್ಬಿ ಸೇರಿ, ಮಧ್ಯಾಹ್ನ ಮೊಬೈಲ್ ನೋಡ್ತಾ ನೋಡ್ತಾ ಖಾಲಿಯಾಗುತ್ತೆ. ಕೊಟ್ಟದ್ದು ನೆನಪಿರುತ್ತೆ, ವಾಪಸ್ ಪಡೆದದ್ದು ಗೊತ್ತೇ ಆಗೋದಿಲ್ಲ. ದಿನಾ ಹೀಗೆ ಆದರೆ ಯಾರಿಗೆ ತಾನೇ ಬೇಸರ ಬರೋದಿಲ್ಲ?

ಆದ್ದರಿಂದ ಗಂಟೆ ನಿಲ್ಲಿಸಿದ ಮೇಲೆ ಕಣ್ಣು ಮುಚ್ಚಿ ಮೂರು ಉಸಿರಿನಷ್ಟು ಹೊತ್ತು ಸುಮ್ಮನಿರಿ, ಅತಿಥಿ ಉಣ್ಣುವಾಗ ಕಾಯುವ ಹಾಗೆ. ಸಮರ್ಪಿಸಿದ್ದರಲ್ಲಿ ಒಂದಿಷ್ಟು ಬೇರೆ ತೆಗೆದಿಟ್ಟು, ಕೂತು ತಿನ್ನಿ. ಮೊದಲ ಐದು ತುತ್ತು ಮೌನವಾಗಿರಲಿ. ಮಂತ್ರ ಬಾರದಿದ್ದರೆ ಇಷ್ಟದೇವರ ಹೆಸರು ಸಾಕು. ಐದು ತುತ್ತಿನಷ್ಟು ಹೊತ್ತು ಎಂಥ ಬಸ್ಸಿದ್ದರೂ ಸಿಗುತ್ತೆ. ಅಡುಗೆ ತಡವಾದ ದಿನ ಬಾಳೆಹಣ್ಣು, ಇಲ್ಲವೇ ಹಾಲು ಸಕ್ಕರೆ ಇಡಿ. ಎಲೆ, ಹೂವು, ಹಣ್ಣು, ನೀರು, ಭಕ್ತಿಯಿಂದ ಏನು ಕೊಟ್ಟರೂ ಆಗುತ್ತದೆಂದು ಗೀತೆಯ 9ನೇ ಅಧ್ಯಾಯದಲ್ಲೇ ಇದೆ.

ಇನ್ನು ನಿಮ್ಮ ಮನೆಯವರ ವಿಷಯ. ಅವರ ತಟ್ಟೆಗೆ ಪ್ರಸಾದ ಬಡಿಸಿ ಬರಬೇಡಿ. ಅವರೇ ದೇವರ ಮುಂದೆ ಬಂದು, ಬಲಗೈ ಚಾಚಿ ತೆಗೆದುಕೊಳ್ಳಲಿ. ಶುಕ್ರವಾರ ಬೇಕಾದರೆ ಒಂದು ಪಾಯಸ ಜಾಸ್ತಿ ಮಾಡಿ.