ಸೋಸಿದ ನೀರಿನ ಋಣ

ಜಲಗಾಲನವು ಶ್ರಾವಕನ ಮನೆಯ ಪ್ರಥಮ ಆಚಾರಗಳಲ್ಲೊಂದು. ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ನೀರನ್ನು ಸೋಸಿದ ಮಾತ್ರಕ್ಕೆ ಆ ಕ್ರಿಯೆ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯ ನೀರೋ ಆ ಬಾವಿಗೇ ಮೆಲ್ಲನೆ ಇಳಿಸಿದಾಗ ಅದು ಪೂರ್ಣವಾಗುತ್ತದೆ. ಪಡೆದವನು ಮೂಲಕ್ಕೆ ಋಣಿಯೆಂಬ ಭಾವವು ಈ ವಿಧಿಯಲ್ಲಿ ಅಡಗಿದೆ.

1987ರಲ್ಲಿ ನಾರ್ವೆಯ ಗ್ರೊ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ಆಯೋಗವು ಇದಕ್ಕೆ ಸಮೀಪವಾದ ವಿಚಾರವನ್ನು ಲೋಕದ ಮುಂದಿರಿಸಿತು. ಮುಂದೆ ಹುಟ್ಟುವವರ ಅವಶ್ಯಕತೆಗಳಿಗೆ ಕುಂದು ತಾರದಂತೆ ಇಂದಿನವರು ಬಾಳುವುದೇ ಸುಸ್ಥಿರ ಅಭಿವೃದ್ಧಿಯೆಂದು ಅದರ ತಾತ್ಪರ್ಯ. 2015ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ 17 ಗುರಿಗಳಲ್ಲಿ 6ನೆಯದು ಶುದ್ಧ ನೀರಿಗೂ 12ನೆಯದು ಹೊಣೆಯರಿತ ಬಳಕೆಗೂ ಸಂಬಂಧಿಸಿದವು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸುತ್ತದೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕಡಿಯುವುದು ಈ ದೋಷಕ್ಕೆ ಸೇರುತ್ತವೆ. ಗೃಹಸ್ಥನು ಆರಂಭವನ್ನು ಸಂಪೂರ್ಣವಾಗಿ ತ್ಯಜಿಸಲಾರನು. ಅಗತ್ಯವಾವುದು, ಅಪವ್ಯಯವಾವುದು ಎಂಬ ವಿವೇಕವನ್ನಾದರೂ ಅವನು ಬಿಡಲಾಗದು.

ಜಗತ್ತಿನಲ್ಲಿ ಅತ್ಯಧಿಕ ಅಂತರ್ಜಲವನ್ನು ಎತ್ತುವ ದೇಶ ಭಾರತ. ಲೋಕದ ಒಟ್ಟು ಬಳಕೆಯ ಸುಮಾರು ಕಾಲುಭಾಗ ಇಲ್ಲಿಯದು. ಸೇದುವ ಬಾವಿಯ ನೀರು ಇಳಿದರೆ ಹಗ್ಗ ಹಿಡಿದ ಕೈಗೆ ತಿಳಿಯುತ್ತಿತ್ತು. ಕೊಳವೆಬಾವಿಯ ನಲ್ಲಿ ತಿರುಗಿಸುವವನಿಗೆ ಮೂಲವು ಕಾಣದು. ಸೋಸಿ ಉಳಿದ ಜೀವಿಗಳನ್ನು ಅಲ್ಲಿಗೆ ಮರಳಿಸುವ ದಾರಿಯೂ ಇಲ್ಲ. ಕರ್ನಾಟಕದ ಬಹುಭಾಗದಲ್ಲಿ ನೆಲದಡಿ ಇರುವುದು ಗಟ್ಟಿಶಿಲೆ. ಅದರ ಬಿರುಕುಗಳಲ್ಲಿ ನಿಲ್ಲುವ ನೀರು ಮಳೆಯಿಂದ ನಿಧಾನವಾಗಿ ತುಂಬಬೇಕು. ಒಬ್ಬನು ಆಳಕ್ಕೆ ಕೊರೆಸಿದ ಕೊಳವೆಯು ನೆರೆಯವನ ತೆರೆದ ಬಾವಿಯನ್ನು ಬತ್ತಿಸಬಲ್ಲುದು. ಆದುದರಿಂದ ಇದು ಅಹಿಂಸೆಯಂತೆಯೇ ಅಚೌರ್ಯವ್ರತವನ್ನೂ ಮುಟ್ಟುವ ವಿಷಯ.

ಜೀವಿಗಳು ಒಂದಕ್ಕೊಂದು ಉಪಕಾರಿಗಳೆಂದು ತತ್ತ್ವಾರ್ಥಸೂತ್ರವು ಸಾರುತ್ತದೆ. ಉಪಕಾರವು ಪರಸ್ಪರವಾದಾಗ ಹೊಣೆಯೂ ಎಲ್ಲರದು. ದಶಲಕ್ಷಣ ಪರ್ವದಲ್ಲಿ ಉಪವಾಸವಿದ್ದು, ಪಾರಣೆಯ ದಿನ ಕೊಡಗಟ್ಟಲೆ ನೀರನ್ನು ಚರಂಡಿಗೆ ಹರಿಸಿದರೆ ಸಂಯಮವು ನಾಲಗೆಯನ್ನು ದಾಟಲಿಲ್ಲವೆಂದೇ ಅರ್ಥ. ಭೋಗೋಪಭೋಗ ಪರಿಮಾಣದಲ್ಲಿ ಧಾನ್ಯ, ರಸ, ವಸ್ತ್ರಗಳನ್ನು ಎಣಿಸುವ ಶ್ರಾವಕ ಶ್ರಾವಿಕೆಯರು ದಿನದ ಕೊಡಗಳನ್ನೂ ಎಣಿಸಿ ನಿಯಮ ತೊಡಲಿ. ಚಾವಣಿಯ ಮಳೆನೀರನ್ನು ಸೋಸಿ ನೆಲಕ್ಕೆ ಇಂಗಿಸಲಿ. ಬಸದಿಯ ಬಳಿಯ ಕೊಳವನ್ನು ಊರವರೊಡಗೂಡಿ ಯತ್ನಾಚಾರದಿಂದ ಕಾಪಾಡಲಿ. ಜೀವಿಗಳನ್ನು ಮೂಲಕ್ಕೆ ಮರಳಿಸಲಾಗದ ಲೋಪವು ಇದರಿಂದ ತುಂಬದು. ನೀರಿನ ಋಣವಾದರೂ ಅಷ್ಟಷ್ಟು ತೀರುವುದು.